ಗಾಣದ ಅಂಗಡಿಯ ವೆಬ್‌ಸೈಟಿಗೆ ಕನ್ನಡ ಸೇರಿಸಿದ್ದು: ಒಂದು ಪ್ರಕರಣ

ನಮ್ಮ ಸೋದರತ್ತೆ ಮನೆಯವರು ತುಮಕೂರು ಜಿಲ್ಲೆಯ ಒಂದು ಊರಿನಲ್ಲಿ ಎಣ್ಣೆ ಗಾಣ ನಡೆಸುತ್ತಾರೆ. ಮರದ ಗಾಣ. ಮೊದಲು ಎತ್ತು ಕಟ್ಟುತ್ತಿದ್ದರು, ಈಗ ಮೋಟಾರ್. ಕಡಲೆಕಾಯಿ, ಕೊಬ್ಬರಿ, ಎಳ್ಳು, ಹುಚ್ಚೆಳ್ಳು, ಕುಸುಬೆ, ಈ ಐದು ಎಣ್ಣೆ ತೆಗೆಯುತ್ತಾರೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಸುತ್ತಲಿನ ಹಳ್ಳಿಯವರು ದನಗಳಿಗೆ ಅಂತ ಒಯ್ಯುತ್ತಾರೆ. ಅವರಿಗೆ ಒಂದು ಚಿಕ್ಕ ವೆಬ್‌ಸೈಟ್ ಇದೆ, ಮೂರು ವರ್ಷದ ಹಿಂದೆ ನಾನೇ ಮಾಡಿಕೊಟ್ಟದ್ದು. ಒಟ್ಟು ಆರು ಪುಟ: ಮುಖಪುಟ, ಎಣ್ಣೆ ಬೆಲೆ, ಹಿಂಡಿ, ಗಾಣ ಹೇಗೆ ನಡೆಯುತ್ತದೆ, ಡೆಲಿವರಿ, ಸಂಪರ್ಕ. ಪುಟದ ವಿಷಯ ಬರೆಯುವ ಎಚ್‌ಟಿಎಂಎಲ್, ಅದರ ನೋಟ ಹೇಳುವ ಸಿಎಸ್‌ಎಸ್, ಡೆಲಿವರಿ ಪುಟದಲ್ಲಿ ಮಾತ್ರ ಒಂದು ಚೂರು ಜಾವಾಸ್ಕ್ರಿಪ್ಟ್, ಅಂದರೆ ಬ್ರೌಸರಿನೊಳಗೆ ಓಡುವ ಪ್ರೋಗ್ರಾಂ. ವರ್ಡ್‌ಪ್ರೆಸ್ ಇಲ್ಲ, ಡೇಟಾಬೇಸ್ ಇಲ್ಲ. ಎಲ್ಲವೂ ಇಂಗ್ಲಿಷಿನಲ್ಲಿತ್ತು.

ಇಂಗ್ಲಿಷ್ ಯಾಕೆ ಅಂದರೆ, ಆಗ ನನ್ನ ತಲೆಯಲ್ಲಿ ಇದ್ದದ್ದು ಬೆಂಗಳೂರಿನ ಗಿರಾಕಿಗಳು. ಬಾಟಲಿ ಮೇಲಿನ ಲೇಬಲ್ಲೂ ಇಂಗ್ಲಿಷಿನಲ್ಲೇ ಇತ್ತು, ಯಾಕೆಂದರೆ ಆಹಾರ ಪೊಟ್ಟಣದ ಮೇಲಿನ ವಿವರ ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇರಬೇಕು ಅಂತ ನಿಯಮ ಹೇಳುತ್ತದೆ, ಕನ್ನಡ ಬೇಕಾದರೆ ಅದರ ಜೊತೆಗೆ ಹಾಕಿಕೊಳ್ಳಬಹುದು. ಲೇಬಲ್ಲಿನ ಮಾತನ್ನೇ ಎತ್ತಿ ಸೈಟಿಗೆ ಹಾಕಿದ್ದೆ. ಅಂಗಡಿಯ ಬೋರ್ಡ್ ಮಾತ್ರ ಮೊದಲಿಂದಲೂ ಕನ್ನಡದಲ್ಲೇ ಇದೆ. ರಾಜ್ಯದ ಕನ್ನಡ ಭಾಷಾ ಕಾಯ್ದೆಯ 2024ರ ತಿದ್ದುಪಡಿಯಲ್ಲಿ ನಾಮಫಲಕಕ್ಕೆ ಶೇಕಡ 60 ಕನ್ನಡ ಅಂತ ಬಂದಾಗ ಅವರು ಏನನ್ನೂ ಬದಲಿಸಬೇಕಾಗಿ ಬರಲಿಲ್ಲ.

ಒಂದು ದಿನ ಅತ್ತೆ ಫೋನಿನಲ್ಲಿ ಹೇಳಿದ್ದು ಇಷ್ಟು. "ದಿನಕ್ಕೆ ಹತ್ತು ಜನ ಹಿಂಡಿ ರೇಟ್ ಎಷ್ಟು ಅಂತ ಫೋನ್ ಮಾಡ್ತಾರೆ. ವೆಬ್‌ಸೈಟಲ್ಲಿ ಇದೆಯಲ್ಲ ನೋಡ್ಕೊಳ್ಳಿ ಅಂದ್ರೆ, ಅದು ಇಂಗ್ಲಿಷಲ್ಲಿದೆ ಕಣಮ್ಮ ಅಂತಾರೆ." ಅವತ್ತೇ ಕೆಲಸ ಶುರು ಮಾಡಿದೆ.

ಮೊದಲ ಸಲ ಮಾಡಿದ್ದು

ಶನಿವಾರ ಕೂತು ಭಾನುವಾರ ಸಂಜೆಗೆ ಮುಗಿಸಿದೆ. ಹೆಚ್ಚಿನ ಪಾಠಗಳಲ್ಲಿ ಹೇಳಿಕೊಡುವ ದಾರಿಯೇ ಇದು: ಪುಟದಲ್ಲಿರುವ ಪ್ರತಿ ಸಾಲಿಗೂ ಒಂದು ಹೆಸರು ಕೊಡುವುದು, ಒಂದು ಜಾವಾಸ್ಕ್ರಿಪ್ಟ್ ಫೈಲಿನಲ್ಲಿ ಆ ಹೆಸರಿನ ಮುಂದೆ ಇಂಗ್ಲಿಷ್ ಸಾಲು ಮತ್ತು ಕನ್ನಡ ಸಾಲು ಬರೆಯುವುದು, ಬಟನ್ ಒತ್ತಿದ ತಕ್ಷಣ ಇದ್ದ ಸಾಲು ಹೋಗಿ ಇನ್ನೊಂದು ಬರುವ ಹಾಗೆ ಮಾಡುವುದು, ಯಾವ ಭಾಷೆ ಆರಿಸಿದ್ದಾರೆ ಅನ್ನುವುದನ್ನು ಬ್ರೌಸರಿನ ಲೋಕಲ್ ಸ್ಟೋರೇಜಿನಲ್ಲಿ, ಅಂದರೆ ಅವರದೇ ಫೋನಿನೊಳಗಿನ ಒಂದು ಜಾಗದಲ್ಲಿ, ಬರೆದಿಡುವುದು. ನೋಡಲು ತುಂಬಾ ಚೆನ್ನಾಗಿತ್ತು. ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್, ಪುಟ ಮತ್ತೆ ಲೋಡ್ ಆಗುವುದೂ ಇಲ್ಲ.

ಒಂದೇ ವಾರದಲ್ಲಿ ಇದು ಕೆಲಸಕ್ಕೆ ಬರುವುದಿಲ್ಲ ಅಂತ ಗೊತ್ತಾಯಿತು.

ಅತ್ತೆ ಮಗ ಹಿಂಡಿ ಪುಟವನ್ನು ಕನ್ನಡದಲ್ಲಿ ತೆರೆದು, ನೋಡಿ ಸಂತೋಷಪಟ್ಟು, ಅದರ ಲಿಂಕನ್ನು ಹಾಲಿನ ಸೊಸೈಟಿಯ ವಾಟ್ಸ್ಆ್ಯಪ್ ಗ್ರೂಪಿಗೆ ಕಳಿಸಿದ. ಒತ್ತಿದವರೆಲ್ಲರಿಗೂ ಇಂಗ್ಲಿಷ್ ಪುಟವೇ ಬಂತು. ಬರದೆ ಏನು ಮಾಡುತ್ತದೆ? ಕನ್ನಡ ಬೇಕು ಅನ್ನುವ ಆಯ್ಕೆ ಉಳಿದಿದ್ದು ಅವನ ಫೋನಿನೊಳಗೆ. ಕಳಿಸಿದ ವಿಳಾಸದಲ್ಲಿ ಕನ್ನಡ ಅನ್ನುವ ಸುಳಿವೇ ಇಲ್ಲ, ಎರಡು ಭಾಷೆಗೂ ಒಂದೇ ವಿಳಾಸ. ವಾಟ್ಸ್ಆ್ಯಪ್ ತೋರಿಸುವ ಪುಟ್ಟ ಮುನ್ನೋಟದಲ್ಲೂ ಇಂಗ್ಲಿಷ್ ಶೀರ್ಷಿಕೆ, ಯಾಕೆಂದರೆ ಅದು ಜಾವಾಸ್ಕ್ರಿಪ್ಟ್ ಓಡಿಸುವುದಿಲ್ಲ, ಎಚ್‌ಟಿಎಂಎಲ್ ಫೈಲಿನಲ್ಲಿ ಬರೆದದ್ದನ್ನು ಹಾಗೇ ಎತ್ತಿಕೊಳ್ಳುತ್ತದೆ. ನಮ್ಮ ಕಡೆ ಒಂದು ಪುಟ ನಾಲ್ಕು ಜನರಿಗೆ ಮುಟ್ಟುವುದು ವಾಟ್ಸ್ಆ್ಯಪಿನ ಮೂಲಕವೇ. ಅಲ್ಲೇ ಕನ್ನಡ ಇಲ್ಲ ಅಂದಮೇಲೆ ಈ ಬಟನ್ ಯಾರಿಗೆ?

ಇನ್ನೂ ಎರಡು ತೊಂದರೆ ಇದ್ದವು. ಕನ್ನಡ ಆರಿಸಿಕೊಂಡವರಿಗೂ ಪ್ರತಿ ಪುಟ ಮೊದಲು ಇಂಗ್ಲಿಷಿನಲ್ಲಿ ಮಿಂಚಿ ಆಮೇಲೆ ಕನ್ನಡಕ್ಕೆ ತಿರುಗುತ್ತಿತ್ತು. ಹಳ್ಳಿಯ ನೆಟ್‌ವರ್ಕಿನಲ್ಲಿ ಆ ಮಿಂಚು ಎರಡು ಮೂರು ಸೆಕೆಂಡ್ ಇರುತ್ತಿತ್ತು. ಮತ್ತೆ ಗೂಗಲ್‌ನಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ನಮ್ಮ ಸೈಟ್ ಸಿಗುತ್ತಲೇ ಇರಲಿಲ್ಲ. ಗೂಗಲ್‌ನ ಯಂತ್ರ ಪುಟ ತೆರೆದು ಜಾವಾಸ್ಕ್ರಿಪ್ಟ್ ಓಡಿಸುತ್ತದೆ, ಆದರೆ ನಮ್ಮ ಹಾಗೆ ಬಟನ್ ಒತ್ತುವುದಿಲ್ಲ. ಅದರ ಪಾಲಿಗೆ ನಮ್ಮ ಸೈಟಿನಲ್ಲಿ ಕನ್ನಡವೇ ಇಲ್ಲ.

ಕಣ್ಣು ಕಾಣದವರ ವಿಷಯ ನನಗೆ ಆಮೇಲೆ ಹೊಳೆಯಿತು. ಎಚ್‌ಟಿಎಂಎಲ್ ಪುಟದ ಮೊದಲ ಟ್ಯಾಗಿನಲ್ಲೇ ಇದು ಯಾವ ಭಾಷೆ ಅಂತ ಬರೆಯುವ ಜಾಗವಿದೆ, ಲ್ಯಾಂಗ್ ಅನ್ನುತ್ತಾರೆ. ಕನ್ನಡಕ್ಕೆ ಅಲ್ಲಿ ಕೆ ಮತ್ತು ಎನ್ ಎಂಬ ಎರಡು ಅಕ್ಷರ ಬರೆಯಬೇಕು. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅದನ್ನು ನೋಡಿ ಕನ್ನಡದ ದನಿಯಲ್ಲಿ ಓದಬೇಕೋ ಇಂಗ್ಲಿಷಿನ ದನಿಯಲ್ಲೋ ಅಂತ ತೀರ್ಮಾನಿಸುತ್ತದೆ. ನಾನು ಸಾಲುಗಳನ್ನು ಬದಲಿಸಿದ್ದೆ, ಈ ಗುರುತನ್ನು ಬದಲಿಸಿರಲಿಲ್ಲ. ಕನ್ನಡ ಸಾಲುಗಳಿದ್ದ ಪುಟ ತನ್ನನ್ನು ಇಂಗ್ಲಿಷ್ ಅಂತಲೇ ಹೇಳಿಕೊಳ್ಳುತ್ತಿತ್ತು. ಸೈಟ್ ಎಲ್ಲರಿಗೂ ಎಟುಕಬೇಕು ಅನ್ನುವ ಡಬ್ಲ್ಯುಸಿಎಜಿ ನಿಯಮಗಳಲ್ಲಿ ಪುಟದ ಭಾಷೆ ಹೇಳುವುದು ತೀರಾ ಮೊದಲ ಮಟ್ಟದ್ದು, ಅಂದರೆ ಇದಿಲ್ಲದಿದ್ದರೆ ಉಳಿದದ್ದು ಲೆಕ್ಕಕ್ಕೇ ಬರುವುದಿಲ್ಲ.

ಬಾವುಟದ ವಿಷಯ

ಮೊದಲ ಸಲ ಮಾಡಿದಾಗ ಬಟನ್ ಮೇಲೆ ಬಾವುಟ ಹಾಕಿದ್ದೆ. ಇಂಗ್ಲಿಷಿಗೆ ಬ್ರಿಟನ್ ಬಾವುಟ, ಕನ್ನಡಕ್ಕೆ ಭಾರತದ ಬಾವುಟ. ಅತ್ತೆ ನೋಡಿ, "ಇದು ಒತ್ತಿದ್ರೆ ಹಿಂದಿ ಬರುತ್ತಾ?" ಅಂತ ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪೇ ಇಲ್ಲ. ಬಾವುಟ ದೇಶದ್ದು, ಭಾಷೆಯದ್ದಲ್ಲ. ಅದೂ ಸಾಲದು ಅಂತ ಅಂಗಡಿಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಬಾವುಟವೇ ಕಾಣಿಸಲಿಲ್ಲ, ಅದರ ಜಾಗದಲ್ಲಿ ಎರಡೆರಡು ರೋಮನ್ ಅಕ್ಷರ ಬಂದಿದ್ದವು. ವಿಂಡೋಸ್ ದೇಶದ ಬಾವುಟದ ಇಮೋಜಿಗಳನ್ನು ಹಾಗೇ ತೋರಿಸುವುದು.

ಹಳದಿ ಕೆಂಪು ಬಾವುಟದ ಚಿತ್ರ ಹಾಕೋಣ ಅಂತ ಅತ್ತೆ ಮಗ ಹೇಳಿದ. ಆ ಬಾವುಟದ ಮೇಲೆ ನನಗೂ ಪ್ರೀತಿಯಿದೆ. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ಕನ್ನಡ ಚಳವಳಿಗಾಗಿ ಕೊಟ್ಟ ಬಾವುಟ ಅದು, ನವೆಂಬರ್ ಒಂದಕ್ಕೆ ನಮ್ಮೂರಿನ ಆಟೋ ಸ್ಟ್ಯಾಂಡಿನಲ್ಲಿ ಹಾರುತ್ತದೆ. ಆದರೂ ಭಾಷೆ ಬದಲಿಸುವ ಬಟನ್ ಮೇಲೆ ಅದು ಬೇಡ ಅಂದೆ. ಕಾಸರಗೋಡಿನವರು, ಸೊಲ್ಲಾಪುರ ಅಕ್ಕಲಕೋಟೆಯವರು, ತಾಳವಾಡಿಯವರು ಕನ್ನಡ ಓದುತ್ತಾರೆ, ಅವರು ಇರುವುದು ಬೇರೆ ರಾಜ್ಯದಲ್ಲಿ. ಭಾಷೆಗೆ ತನ್ನದೇ ಹೆಸರಿದೆ, ತನ್ನದೇ ಲಿಪಿಯಿದೆ. "ಕನ್ನಡ" ಅಂತ ಮೂರು ಅಕ್ಷರ ಬರೆದರೆ ಕನ್ನಡ ಓದುವವರ ಕಣ್ಣು ಎಷ್ಟು ಇಂಗ್ಲಿಷಿನ ನಡುವೆ ಇದ್ದರೂ ನೇರವಾಗಿ ಅಲ್ಲಿಗೇ ಹೋಗುತ್ತದೆ. ಅದಕ್ಕಿಂತ ಒಳ್ಳೆಯ ಗುರುತು ಇನ್ನೇನು ಬೇಕು?

ಕನ್ನಡಕ್ಕೆ ತನ್ನದೇ ವಿಳಾಸ

ಎರಡನೇ ಸಲ ಮೊದಲಿನದನ್ನೆಲ್ಲ ತೆಗೆದುಹಾಕಿ, ಎರಡು ಫೋಲ್ಡರ್ ಮಾಡಿದೆ, ಕನ್ನಡಕ್ಕೊಂದು, ಇಂಗ್ಲಿಷಿಗೊಂದು. ಪ್ರತಿ ಪುಟಕ್ಕೂ ಎರಡು ಫೈಲ್. ಆರು ಪುಟ ಹನ್ನೆರಡಾಯಿತು. ಕೇಳಲು ಹಳೆಯ ಕಾಲದ ಕೆಲಸದ ಹಾಗಿದೆ, ಆದರೆ ಮೇಲೆ ಹೇಳಿದ ಅಷ್ಟೂ ತೊಂದರೆ ಇದೊಂದರಿಂದಲೇ ಹೋಯಿತು. ಕನ್ನಡ ಪುಟದ ಲಿಂಕ್ ಕಳಿಸಿದರೆ ಕನ್ನಡವೇ ತೆರೆಯುತ್ತದೆ. ಮುನ್ನೋಟ ಕನ್ನಡದಲ್ಲಿ ಬರುತ್ತದೆ. ಮಿಂಚುವುದಿಲ್ಲ. ಕುಕೀ ಬೇಡ, ಲೋಕಲ್ ಸ್ಟೋರೇಜ್ ಬೇಡ, ಯಾಕೆಂದರೆ ಕನ್ನಡ ಪುಟದೊಳಗಿನ ಲಿಂಕುಗಳೆಲ್ಲ ಕನ್ನಡ ಪುಟಗಳಿಗೇ ಹೋಗುತ್ತವೆ, ಒಮ್ಮೆ ಒಳಗೆ ಬಂದವರು ಕನ್ನಡದಲ್ಲೇ ಇರುತ್ತಾರೆ. ಇದಕ್ಕೆ ಜಾವಾಸ್ಕ್ರಿಪ್ಟ್ ಒಂದು ಸಾಲೂ ಬೇಕಿಲ್ಲ.

ಸೈಟಿನ ಹೆಸರನ್ನಷ್ಟೇ ಟೈಪ್ ಮಾಡಿದರೆ ಯಾವುದು ಬರಬೇಕು ಅನ್ನುವುದರ ಬಗ್ಗೆ ಎರಡು ದಿನ ಯೋಚನೆ ಮಾಡಿದೆ. ಬ್ರೌಸರ್ ತನ್ನ ಮಾಲೀಕರ ಭಾಷೆ ಯಾವುದು ಅಂತ ಸರ್ವರಿಗೆ ತಾನೇ ಹೇಳುತ್ತದೆ, ಅದನ್ನು ನೋಡಿ ತಾನಾಗಿ ಕಳಿಸಬಹುದಲ್ಲ ಅಂತ ಒಬ್ಬ ಗೆಳೆಯ ಹೇಳಿದ. ಅತ್ತೆ ಫೋನ್ ತೆಗೆದು ನೋಡಿದೆ. ಸೆಟ್ಟಿಂಗ್ ಇಂಗ್ಲಿಷಿನಲ್ಲೇ ಇದೆ, ಅಂಗಡಿಯವನು ಹೇಗೆ ಹಾಕಿಕೊಟ್ಟನೋ ಹಾಗೆ. ಮಾವನದ್ದೂ ಹಾಗೇ. ಗಾಣಕ್ಕೆ ಬಂದಿದ್ದ ಮೂವರದ್ದು ಕೇಳಿ ನೋಡಿದೆ, ಅವರದ್ದೂ ಅಷ್ಟೇ. ಕನ್ನಡ ಪೇಪರ್ ದಿನಾ ಓದುವ ಇವರೆಲ್ಲರ ಫೋನೂ ನಾನು ಇಂಗ್ಲಿಷಿನವನು ಅಂತ ಹೇಳುತ್ತಿದೆ. ಅದನ್ನು ನಂಬಿದ್ದರೆ ಯಾರಿಗಾಗಿ ಕನ್ನಡ ಮಾಡಿದೆನೋ ಅವರನ್ನೇ ಇಂಗ್ಲಿಷಿಗೆ ತಳ್ಳಿದ ಹಾಗಾಗುತ್ತಿತ್ತು. ಹೀಗೆ ಊಹಿಸಿ ಬೇರೆ ಭಾಷೆಗೆ ಕಳಿಸಬೇಡಿ ಅಂತ ಗೂಗಲ್ ಕೂಡ ಸೈಟ್ ಮಾಡುವವರಿಗೆ ಹೇಳುತ್ತದೆ, ಅದರ ಕಾರಣ ಬೇರೆ.

ಕೊನೆಗೆ ಹೀಗೆ ಮಾಡಿದೆ. ಸೈಟಿನ ಹೆಸರು ಹೊಡೆದರೆ ಕನ್ನಡ ಮುಖಪುಟ. ಬಾಟಲಿ ಮೇಲಿನ ಕ್ಯೂಆರ್ ಕೋಡೂ ಅಲ್ಲಿಗೇ ಬರುತ್ತದೆ. ಒಳಗಿನ ಹಳೆಯ ವಿಳಾಸಗಳನ್ನು ಉಳಿಸಿಕೊಂಡವರು ಇಂಗ್ಲಿಷ್ ಓದಿಯೇ ಉಳಿಸಿಕೊಂಡವರು, ಹಾಗಾಗಿ ಆ ವಿಳಾಸಗಳನ್ನು ಹೊಸ ಇಂಗ್ಲಿಷ್ ಪುಟಗಳಿಗೆ ಕಾಯಂ ಆಗಿ ತಿರುಗಿಸಿದೆ. 301 ಅನ್ನುತ್ತಾರಲ್ಲ, ಅದು. ಹಳೆಯ ಲಿಂಕ್ ಒಂದೂ ಮುರಿಯಲಿಲ್ಲ.

ಫೈಲುಗಳಿಗೆ ಕನ್ನಡದಲ್ಲೇ ಹೆಸರಿಡುವ ಆಸೆ ಇತ್ತು. ಇಟ್ಟು ನೋಡಿದೆ. ಬ್ರೌಸರಿನ ಮೇಲುಗಡೆ ಚೆನ್ನಾಗಿ ಕಾಣುತ್ತದೆ, ಆದರೆ ಅದನ್ನು ಕಾಪಿ ಮಾಡಿ ವಾಟ್ಸ್ಆ್ಯಪಿಗೆ ಹಾಕಿದರೆ ಶೇಕಡಾ ಚಿಹ್ನೆ, ಅಂಕಿ, ರೋಮನ್ ಅಕ್ಷರಗಳ ಉದ್ದದ ಸಾಲಾಗಿಬಿಡುತ್ತದೆ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನ ಒಂದೊಂದು ಕನ್ನಡ ಗುರುತಿಗೆ, ಅದನ್ನು ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಮೂರು ಬೈಟ್, ಒಂದೊಂದು ಬೈಟ್ ವಿಳಾಸದಲ್ಲಿ ಮೂರು ಅಕ್ಷರವಾಗುತ್ತದೆ. "ಹಿಂಡಿ" ಅನ್ನುವ ಎರಡಕ್ಷರದ ಪದದಲ್ಲಿ ಗುಡಿಸು, ಸೊನ್ನೆ ಎಲ್ಲ ಸೇರಿ ಐದು ಗುರುತು. ಒಟ್ಟು 45 ಅಕ್ಷರ! ಸರಿ, ರೋಮನ್‌ನಲ್ಲೇ ಇರಲಿ ಅಂತ ಹಿಂಡಿ ಪುಟಕ್ಕೆ ರೋಮನ್ ಅಕ್ಷರದಲ್ಲಿ ಹೆಸರು ಬರೆದೆ. ಬರೆದ ಮೇಲೆ ನೋಡಿದರೆ ಅದು "ಹಿಂದಿ" ಅಂತ ಓದಿಸುತ್ತಿದೆ. ಕನ್ನಡ ಫೋಲ್ಡರಿನ ಒಳಗೆ ಹಿಂದಿ ಅನ್ನುವ ಪುಟ! ಭಾಷೆ ಬದಲಿಸುವ ಸೈಟಿನಲ್ಲಿ ಇದಕ್ಕಿಂತ ಗೊಂದಲ ಬೇರೆ ಇಲ್ಲ. ಎರಡೂ ಕಡೆ ಇಂಗ್ಲಿಷ್ ಪದವನ್ನೇ ಫೈಲಿನ ಹೆಸರಾಗಿ ಇಟ್ಟೆ.

ಇನ್ನೊಂದು ಕೆಲಸ ಇತ್ತು. ಎರಡು ಪುಟಗಳೂ ಒಂದೇ ವಿಷಯದ ಎರಡು ಭಾಷೆ ಅಂತ ಗೂಗಲ್‌ಗೆ ತಿಳಿಸುವುದು. ಪ್ರತಿ ಪುಟದ ತಲೆಭಾಗದಲ್ಲಿ ಎಚ್‌ರೆಫ್‌ಲ್ಯಾಂಗ್ ಅನ್ನುವ ಗುರುತು ಹಾಕಬೇಕು, ಕನ್ನಡದ ವಿಳಾಸ ಇದು, ಇಂಗ್ಲಿಷಿನ ವಿಳಾಸ ಇದು ಅಂತ. ಕನ್ನಡ ಪುಟ ಇಂಗ್ಲಿಷ್ ಪುಟವನ್ನು ತೋರಿಸಬೇಕು, ಇಂಗ್ಲಿಷ್ ಪುಟವೂ ವಾಪಸ್ ಕನ್ನಡ ಪುಟವನ್ನೇ ತೋರಿಸಬೇಕು. ಒಂದು ಕಡೆಯಿಂದ ಮಾತ್ರ ತೋರಿಸಿದರೆ ಗೂಗಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾನು ಕಾಪಿ ಮಾಡುವಾಗ ಇಂಗ್ಲಿಷ್ ಹಿಂಡಿ ಪುಟದಲ್ಲಿ ಕನ್ನಡದ ಎಣ್ಣೆ ಬೆಲೆ ಪುಟದ ವಿಳಾಸ ಉಳಿದುಬಿಟ್ಟಿತ್ತು. ಹನ್ನೆರಡು ಪುಟ ಒಂದೊಂದಾಗಿ ತೆರೆದು ನೋಡಿದಾಗಲೇ ಸಿಕ್ಕಿದ್ದು.

ಬಟನ್ ಕೊನೆಗೆ ಹೇಗಾಯಿತು

ಬಟನ್ ಅನ್ನುತ್ತಿದ್ದೇನೆ, ನಿಜವಾಗಿ ಅದು ಸಾದಾ ಲಿಂಕ್. ಎರಡೇ ಭಾಷೆ ಇರುವಾಗ ಕೆಳಗೆ ಬಿಚ್ಚಿಕೊಳ್ಳುವ ಪಟ್ಟಿ ಸುಮ್ನೆ ಒಂದು ಒತ್ತು ಜಾಸ್ತಿ. ಮೊದಲು ಇನ್ನೊಂದು ಭಾಷೆಯ ಹೆಸರು ಮಾತ್ರ ತೋರಿಸಿದ್ದೆ, ಇಂಗ್ಲಿಷ್ ಪುಟದಲ್ಲಿ "ಕನ್ನಡ" ಅಂತ. ಮಾವ ಅದನ್ನು ನೋಡಿ, ಈಗ ಇರುವುದು ಕನ್ನಡವೋ, ಒತ್ತಿದರೆ ಬರುವುದು ಕನ್ನಡವೋ ಅಂತ ತಡೆದು ನಿಂತರು. ಆಮೇಲೆ ಎರಡನ್ನೂ ಪಕ್ಕಪಕ್ಕ ಹಾಕಿದೆ. ಕನ್ನಡದ ಹೆಸರು ಕನ್ನಡ ಲಿಪಿಯಲ್ಲಿ, ಇಂಗ್ಲಿಷಿನ ಹೆಸರು ರೋಮನ್ ಲಿಪಿಯಲ್ಲಿ, ಎರಡೂ ಪುಟಗಳಲ್ಲಿ ಹೀಗೇ. ಈಗ ಓದುತ್ತಿರುವುದು ದಪ್ಪ ಅಕ್ಷರದಲ್ಲಿ, ಅದು ಲಿಂಕ್ ಅಲ್ಲ. ಇನ್ನೊಂದು ಅಡಿಗೆರೆ ಇರುವ ಲಿಂಕ್. ಮಾವ ಮತ್ತೆ ಕೇಳಲಿಲ್ಲ.

ಇದು ಪುಟದ ಮೇಲೆ ಬಲಗಡೆ ಇದೆ, ಫೋನಿನಲ್ಲಿ ಮೂರು ಗೆರೆಯ ಮೆನುವಿನ ಹೊರಗಡೆ. ಮೆನು ಒಳಗೆ ಬಚ್ಚಿಟ್ಟರೆ, ಇಂಗ್ಲಿಷ್ ಓದಲು ಬಾರದವರು ಇಂಗ್ಲಿಷ್ ಮೆನು ದಾಟಿ ಕನ್ನಡಕ್ಕೆ ಬರಬೇಕಾಗುತ್ತದೆ. ಬೆರಳಿಗೆ ಸಲೀಸಾಗಿ ಸಿಗಲಿ ಅಂತ 44 ಪಿಕ್ಸೆಲ್ ಎತ್ತರ ಇಟ್ಟೆ.

ಎಲ್ಲಕ್ಕಿಂತ ಮುಖ್ಯ, ಒತ್ತಿದರೆ ಅದೇ ಪುಟದ ಇನ್ನೊಂದು ಭಾಷೆ ಬರಬೇಕು. ಹಿಂಡಿ ರೇಟ್ ನೋಡುತ್ತಿದ್ದವರು ಕನ್ನಡ ಅಂತ ಒತ್ತಿದರೆ ಕನ್ನಡದ ಹಿಂಡಿ ರೇಟ್ ಬರಬೇಕು, ಮುಖಪುಟ ಅಲ್ಲ. ಎಷ್ಟೋ ದೊಡ್ಡ ಸೈಟುಗಳಲ್ಲಿ ಭಾಷೆ ಬದಲಿಸಿದ ತಕ್ಷಣ ಮುಖಪುಟಕ್ಕೆ ಎಸೆಯುತ್ತಾರೆ, ಮತ್ತೆ ಮೊದಲಿಂದ ಹುಡುಕಿಕೊಂಡು ಬರಬೇಕು. ನಾಲ್ಕನೇ ಪುಟದ ಅರ್ಜಿ ತುಂಬುತ್ತಿದ್ದವರನ್ನು ಬಾಗಿಲ ಹೊರಗೆ ನಿಲ್ಲಿಸಿದ ಹಾಗೆ ಅಲ್ವಾ ಅದು? ನನಗೆ ಇದು ಬಹಳ ನೋವಿನ ವಿಷಯ, ಯಾಕೆಂದರೆ ಹೀಗೆ ಎರಡು ಸಲ ಆದ ಮೇಲೆ ಜನ ಕನ್ನಡದ ಬಟನ್ ಮುಟ್ಟುವುದನ್ನೇ ಬಿಟ್ಟುಬಿಡುತ್ತಾರೆ. ಆಮೇಲೆ ಕನ್ನಡ ಯಾರೂ ಬಳಸುವುದಿಲ್ಲ ಅಂತ ಹೇಳುವುದಕ್ಕೆ ಅದೇ ಆಧಾರ ಆಗುತ್ತದೆ.

ಕನ್ನಡ ಬರೆದದ್ದು

ಕೋಡಿಗಿಂತ ಜಾಸ್ತಿ ದಿನ ಹಿಡಿದಿದ್ದು ಇದು. ಮೊದಲು ಇಂಗ್ಲಿಷ್ ಪುಟಗಳನ್ನು ಒಂದು ಅನುವಾದ ಯಂತ್ರಕ್ಕೆ ಕೊಟ್ಟೆ. ಹಿಂಡಿ ಪುಟ "ಎಣ್ಣೆ ಕೇಕ್" ಆಗಿ ಬಂತು. ಗಾಣದಲ್ಲಿ ಬಿಸಿಯಾಗದಂತೆ ನಿಧಾನವಾಗಿ ತೆಗೆದ ಎಣ್ಣೆ "ಶೀತ ಒತ್ತಿದ ಎಣ್ಣೆ" ಆಯಿತು. ಮುಖಪುಟದ ಲಿಂಕ್ ಬರೀ "ಮನೆ". ಅತ್ತೆಗೆ ಓದಿ ಹೇಳಿದೆ. "ಎಣ್ಣೆ ಕೇಕ್ ಅಂದ್ರೆ ಹುಟ್ಟುಹಬ್ಬಕ್ಕಾ?" ಅಂದರು. ಅನುವಾದ ಬಿಟ್ಟು, ಅವರನ್ನೇ ಕೂರಿಸಿಕೊಂಡು, ಒಬ್ಬ ಹೊಸ ಗಿರಾಕಿ ಬಂದರೆ ಏನು ಹೇಳುತ್ತೀರೋ ಹೇಳಿ ಅಂತ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. "ಕಡಲೆಕಾಯಿ ಎಣ್ಣೆ ತೆಗೆದ ಹಿಂಡಿ, ಹಸುವಿಗೆ ನೆನೆಸಿ ಹಾಕಿ, ಒಣ ಹಾಕಬೇಡಿ." ಈ ಸಾಲು ಇಂಗ್ಲಿಷ್ ಪುಟದಲ್ಲಿ ಇರಲೇ ಇಲ್ಲ. ಕನ್ನಡದಲ್ಲಿ ಮೊದಲು ಬರೆದು ಆಮೇಲೆ ಇಂಗ್ಲಿಷಿಗೆ ತಂದೆ.

ಗಾಣದ ಇತಿಹಾಸ ಇರುವ ಒಂದು ಹಳೇ ಕರಪತ್ರ ಇತ್ತು, ಪಟ್ಟಣದ ಡಿಟಿಪಿ ಅಂಗಡಿಯಲ್ಲಿ "ನುಡಿ" ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದು. ಆ ಫೈಲ್ ಸಿಕ್ಕಿತು. ತೆರೆದು ಕಾಪಿ ಮಾಡಿ ಪುಟಕ್ಕೆ ಹಾಕಿದರೆ ಒಂದಕ್ಷರ ಕನ್ನಡ ಇಲ್ಲ. ರೋಮನ್ ಅಕ್ಷರಗಳ ತಲೆ ಮೇಲೆ ಕೊಂಬು, ಟೋಪಿ, "ಕನ್ನಡ" ಅನ್ನುವ ಪದದ ಮಧ್ಯೆ ಬ್ರಿಟನ್‌ನ ಪೌಂಡ್ ಚಿಹ್ನೆ. ಹಳೆಯ ನುಡಿ, ಬರಹ ಫಾಂಟುಗಳು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದವು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಪರಿವರ್ತಕಗಳು ಸಿಗುತ್ತವೆ, ಒಂದರಲ್ಲಿ ಹಾಕಿದೆ. ಹೆಚ್ಚಿನದೆಲ್ಲ ಸರಿಯಾಗಿ ಬಂತು, ಅರ್ಕಾವತ್ತು ಇದ್ದ ಕಡೆ ಮಾತ್ರ ಎಡವಿತು. "ಕರ್ನಾಟಕ" ಹೋಗಿ "ಕನರ್ಾಟಕ" ಆಗಿತ್ತು. ಹಳೆಯ ಕನ್ನಡ ಪುಟಗಳಲ್ಲಿ ಇದನ್ನು ನೀವೂ ನೋಡಿರುತ್ತೀರಿ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು, ಆ ಜಾಗ ಬದಲಾವಣೆ ಕಾಗುಣಿತದ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತದೆ. ಖರ್ಚು, ಮಾರ್ಗ, ವರ್ಷ, ಎಲ್ಲವನ್ನೂ ಹುಡುಕಿ ಕೈಯಿಂದ ತಿದ್ದಿದೆ.

ಡೆಲಿವರಿ ಪುಟದಲ್ಲಿ ಕಥೆ ಬೇರೆ. ಇಂಗ್ಲಿಷಿನಲ್ಲಿ ಊರಿನ ಹೆಸರು ಆರಿಸಿದರೆ "ಇಂಥ ಊರಿಗೆ ಡೆಲಿವರಿ ಇಷ್ಟು ದಿನ" ಅನ್ನುವ ಸಾಲು ತಾನಾಗಿ ಜೋಡಣೆಯಾಗುತ್ತಿತ್ತು. ಅಲ್ಲಿ ಊರಿನ ಹೆಸರು ಬದಲಾಗುವುದಿಲ್ಲ, ಅದಕ್ಕಿಂತ ಮೊದಲು ಒಂದು ಪದ ಸೇರಿಸಿದರೆ ಆಯಿತು. ಕನ್ನಡದಲ್ಲಿ "ಗೆ" ಅಂತ ಅಂಟಿಸಿದೆ. ಶಿರಸಿಗೆ, ಸರಿ. ಹಾಸನಗೆ, ಮಂಡ್ಯಗೆ, ಬೆಂಗಳೂರುಗೆ! ಹಾಸನಕ್ಕೆ, ಮಂಡ್ಯಕ್ಕೆ, ಬೆಂಗಳೂರಿಗೆ ಅಂತ ಮೂರು ವರ್ಷದ ಮಗು ಹೇಳುತ್ತದೆ. ಪ್ರತಿ ಊರಿಗೂ ವಿಭಕ್ತಿ ಸೇರಿಸಿದ ರೂಪವನ್ನು ಬರೆದಿಡಬಹುದಿತ್ತು. ಅದಕ್ಕಿಂತ ಸಾಲನ್ನೇ ಬದಲಿಸುವುದು ಸುಲಭ ಅನ್ನಿಸಿತು. ಈಗ ಅಲ್ಲಿ "ಊರು: ಹಾಸನ. ತಲುಪಲು: 2 ದಿನ" ಅಂತ ಇದೆ, ಮತ್ತೆ ಜಾವಾಸ್ಕ್ರಿಪ್ಟ್ ಬೇಡ ಅಂತ ಅದನ್ನೂ ಸಾದಾ ಪಟ್ಟಿ ಮಾಡಿದೆ. ಇಂಗ್ಲಿಷ್ ವಾಕ್ಯದ ಅಚ್ಚಿಗೆ ಕನ್ನಡ ಸುರಿದರೆ ಹೀಗೇ ಆಗುವುದು. ಆ್ಯಪ್‌ಗಳಲ್ಲಿ "ರಮೇಶ್ ಗೆ ಕಳುಹಿಸಲಾಗಿದೆ" ಅಂತ ನಡುವೆ ಜಾಗ ಬಿಟ್ಟ ವಾಕ್ಯ ನೋಡಿದಾಗಲೆಲ್ಲ ಇದೇ ನೆನಪಾಗುತ್ತದೆ.

ಬೆಲೆಗೆ ಕನ್ನಡ ಅಂಕಿ ಹಾಕಬೇಕೋ ಬೇಡವೋ ಅಂತ ಮನೆಯಲ್ಲಿ ಮಾತಾಯಿತು. ಅಂಗಡಿಯ ಬಿಲ್ಲು, ತಕ್ಕಡಿ, ನೋಟು, ಫೋನ್ ಎಲ್ಲದರಲ್ಲೂ 1, 2, 3 ಇರುವಾಗ ರೇಟಿಗೂ ಅದೇ ಇರಲಿ ಅಂತಾಯಿತು. ಪದಗಳ ವಿಷಯದಲ್ಲಿ ಇನ್ನೊಂದು. ಉತ್ತರ ಕರ್ನಾಟಕದ ಕಡೆಯಿಂದಲೂ ಆರ್ಡರ್ ಬರುತ್ತದೆ. ಅಲ್ಲಿ ಕಡಲೆಕಾಯಿ ಅಂದರೆ ಶೇಂಗಾ, ಹುಚ್ಚೆಳ್ಳು ಅಂದರೆ ಗುರೆಳ್ಳು. ಎಣ್ಣೆ ಪುಟದಲ್ಲಿ ಎರಡೂ ಹೆಸರು ಬರೆದೆ. ಇದನ್ನು ಯಾವ ಯಂತ್ರವೂ ಮಾಡಿಕೊಡುತ್ತಿರಲಿಲ್ಲ.

ಅಕ್ಷರಗಳು ಕಾಣುವ ಬಗೆಗೂ ಒಂದು ದಿನ ಹೋಯಿತು. ಇಂಗ್ಲಿಷಿಗೆ ಅಂತ ಬರೆದ ಸಿಎಸ್‌ಎಸ್‌ನಲ್ಲಿ ಸಾಲಿನ ಎತ್ತರ 1.2 ಇತ್ತು, ಶೀರ್ಷಿಕೆಗಳಲ್ಲಿ ಅಕ್ಷರಗಳ ನಡುವೆ ಎರಡು ಪಿಕ್ಸೆಲ್ ಜಾಗ ಇತ್ತು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು, ಶೀರ್ಷಿಕೆ ಉಪ್ಪಿನ ಹರಳು ಚೆಲ್ಲಿದ ಹಾಗೆ ಬಿಡಿಬಿಡಿ ಕಾಣುತ್ತಿತ್ತು. ಇನ್ನೂ ಕೆಟ್ಟದ್ದು ಬಟನ್‌ಗಳಲ್ಲಿ ಆಗಿತ್ತು. ಅವುಗಳ ಎತ್ತರ ಅಳತೆ ಮಾಡಿ ಕಟ್ಟಿದ್ದರಿಂದ "ಎಣ್ಣೆ" ಪದದ ಕೆಳಗಿನ ಒತ್ತು ಕತ್ತರಿಸಿಹೋಗಿ "ಎಣೆ" ಅಂತ ಓದಿಸುತ್ತಿತ್ತು. ಎಣ್ಣೆ ಮಾರುವ ಸೈಟಿನಲ್ಲಿ ಎಣ್ಣೆ ಅನ್ನುವ ಪದವೇ ತಪ್ಪು! ಕನ್ನಡ ಪುಟಗಳಿಗೆ ಅಂತಲೇ ಬೇರೆ ನಿಯಮ ಬರೆದೆ, ಸಾಲಿನ ಎತ್ತರ 1.7, ಅಕ್ಷರಗಳ ನಡುವಿನ ಜಾಗ ಸೊನ್ನೆ, ಬಟನ್ ಎತ್ತರ ಒಳಗಿನ ಪದಕ್ಕೆ ತಕ್ಕಂತೆ ಬೆಳೆಯುವ ಹಾಗೆ. ಲ್ಯಾಂಗ್ ಗುರುತು ಸರಿಯಾಗಿ ಹಾಕಿದ್ದರಿಂದ ಸಿಎಸ್‌ಎಸ್ ಅದನ್ನೇ ನೋಡಿ ಯಾವ ನಿಯಮ ಅಂತ ಆರಿಸಿಕೊಳ್ಳುತ್ತದೆ. ಫಾಂಟ್ ಡೌನ್‌ಲೋಡ್ ಮಾಡಿಸಲಿಲ್ಲ. ಆಂಡ್ರಾಯ್ಡ್‌ನಲ್ಲಿ ನೋಟೋ ಕನ್ನಡ, ವಿಂಡೋಸ್‌ನಲ್ಲಿ ನಿರ್ಮಲಾ, ಹಳೇ ವಿಂಡೋಸ್‌ನಲ್ಲಿ ತುಂಗಾ ಮೊದಲೇ ಇರುತ್ತವೆ. ನೆಟ್‌ವರ್ಕ್ ಸಣ್ಣದಿರುವ ಕಡೆ ಅಷ್ಟು ಸಾಕು.

ಮರೆತುಹೋಗುವ ಚೂರುಪಾರು ಇರುತ್ತವೆ. ಬ್ರೌಸರ್ ಟ್ಯಾಬಿನ ಶೀರ್ಷಿಕೆ, ಚಿತ್ರಗಳ ವಿವರಣೆ, ಪುಟ ಸಿಗಲಿಲ್ಲ ಅನ್ನುವ 404 ಪುಟ. ವಾಟ್ಸ್ಆ್ಯಪಿನಲ್ಲಿ ಆರ್ಡರ್ ಮಾಡಿ ಅನ್ನುವ ಲಿಂಕ್ ಒತ್ತಿದರೆ ಮೊದಲೇ ಟೈಪ್ ಆಗಿ ಬರುವ ಸಂದೇಶ ಇಂಗ್ಲಿಷಿನಲ್ಲೇ ಉಳಿದಿತ್ತು. "ನಮಸ್ಕಾರ, ಎಣ್ಣೆ ಬೇಕಿತ್ತು" ಅಂತ ಬದಲಿಸಿದೆ.

ಬೆಲೆ ಹೊಂದದೆ ಹೋದದ್ದು

ಸೈಟ್ ಹೊರಬಿಟ್ಟ ಎರಡನೇ ತಿಂಗಳು ಕೊಬ್ಬರಿ ರೇಟ್ ಏರಿತು. ಅತ್ತೆ ಮಗ ಇಂಗ್ಲಿಷ್ ಪುಟದಲ್ಲಿ ಬೆಲೆ ಬದಲಿಸಿದ, ಕನ್ನಡ ಪುಟ ಮರೆತ. ಒಂಬತ್ತು ದಿನ ಎರಡು ಬೆಲೆ ಇತ್ತು. ಕನ್ನಡ ಪುಟ ನೋಡಿ ಬಂದ ಒಬ್ಬರು, ನಿಮ್ಮದೇ ಸೈಟಿನಲ್ಲಿ ಕಡಿಮೆ ಇದೆಯಲ್ಲ ಅಂತ ಫೋನ್ ಹಿಡಿದು ತೋರಿಸಿದರು. ಅತ್ತೆ ಹಳೇ ಬೆಲೆಗೇ ಕೊಟ್ಟು ಕಳಿಸಿದರು.

ಎರಡು ಫೋಲ್ಡರಿನ ದಾರಿಯಲ್ಲಿರುವ ನಿಜವಾದ ಕಷ್ಟ ಇದೇ. ಭಾಷೆ ಎರಡಿರಲಿ, ಬೆಲೆ ಎರಡಿರಬಾರದು. ಈಗ ಬೆಲೆ, ತೂಕ, ಡೆಲಿವರಿ ದಿನ, ಫೋನ್ ನಂಬರ್ ಇವೆಲ್ಲ ಒಂದೇ ಸಣ್ಣ ಫೈಲಿನಲ್ಲಿವೆ. ನಲವತ್ತು ಸಾಲಿನ ಒಂದು ಪೈಥಾನ್ ಪ್ರೋಗ್ರಾಂ ಅದನ್ನು ಓದಿ ಎರಡೂ ಭಾಷೆಯ ಪುಟಗಳನ್ನು ಒಟ್ಟಿಗೆ ತಯಾರಿಸುತ್ತದೆ. ಎಚ್‌ರೆಫ್‌ಲ್ಯಾಂಗ್ ಗುರುತುಗಳನ್ನೂ ಅದೇ ಹಾಕುವುದರಿಂದ ಕಾಪಿ ತಪ್ಪು ಮತ್ತೆ ಆಗಿಲ್ಲ. ಪುಟ ಜಾಸ್ತಿ ಇದ್ದರೆ ಹ್ಯೂಗೋ ಥರದ, ಸೈಟಿನ ಪುಟಗಳನ್ನು ತಯಾರಿಸಿಕೊಡುವ ತಂತ್ರಾಂಶ ತೆಗೆದುಕೊಳ್ಳಿ, ಬಹುಭಾಷೆಯ ಏರ್ಪಾಡು ಅದರೊಳಗೇ ಇದೆ. ಆರು ಪುಟಕ್ಕೆ ನನಗೆ ಇದು ಸಾಕಾಯಿತು. ಎರಡೂ ಪುಟದ ಕೆಳಗೆ ಬೆಲೆ ಬದಲಿಸಿದ ದಿನಾಂಕ ಹಾಕಿದ್ದೇನೆ.

ಇಷ್ಟೆಲ್ಲ ಆದ ಮೇಲೆ ಒಂದು ಭಾನುವಾರ ಗಾಣದ ಹತ್ತಿರ ಕೂತಿದ್ದೆ. ಹಿಂಡಿ ಒಯ್ಯಲು ಬಂದಿದ್ದ ಒಬ್ಬ ಹಿರಿಯರು ಫೋನನ್ನು ಕಣ್ಣಿನಿಂದ ದೂರ ಹಿಡಿದು ಪುಟವನ್ನು ಜೋರಾಗಿ ಓದುತ್ತಿದ್ದರು, ಪಕ್ಕದಲ್ಲಿದ್ದವರಿಗೂ ಕೇಳುವ ಹಾಗೆ. ನೆನೆಸಿ ಹಾಕಿ, ಒಣ ಹಾಕಬೇಡಿ ಅನ್ನುವ ಸಾಲಿಗೆ ತಲೆಯಾಡಿಸಿದರು. ಮುಂದಿನ ಸಾಲಿಗೆ ನಿಂತರು. "ಮೂಟೆಗೆ 50 ಕೆಜಿ ಅಂತ ಬರೆದಿದ್ದೀರಿ. ನೀವು ಕೊಡೋದು 40ರ ಮೂಟೆ ಅಲ್ವಾ?"

ಅತ್ತೆ ಹೌದು ಅಂದರು, ಚೀಲ ಬದಲಿಸಿ ಎರಡು ವರ್ಷ ಆಯಿತು ಅಂದರು. ಆ 50 ಇಂಗ್ಲಿಷ್ ಪುಟದಲ್ಲಿ ಮೂರು ವರ್ಷದಿಂದ ಹಾಗೇ ಇತ್ತು. ಹಿಂಡಿ ಒಯ್ಯುವವರು ಯಾರೂ ಅದನ್ನು ಓದಿರಲಿಲ್ಲ, ಓದಿದವರು ಯಾರೂ ಹಿಂಡಿ ಒಯ್ದಿರಲಿಲ್ಲ. ಆ ಸಣ್ಣ ಫೈಲ್ ತೆರೆದು 40 ಅಂತ ತಿದ್ದಿದೆ, ಎರಡೂ ಪುಟ ಬದಲಾದವು. ಅವರು ರಿಫ್ರೆಶ್ ಮಾಡಿ ನೋಡಿ, "ಹಾಂ, ಈಗ ಸರಿ" ಅಂದು ಮೂಟೆ ಎತ್ತಿಸಿಕೊಂಡರು.